ಓದುಗರ ಪ್ರಶ್ನೆ: ಬಾಕ್ಸಿಂಗ್‌ನ ‘ಪೌಂಡ್ ಫಾರ್ ಪೌಂಡ್’ ಪಟ್ಟಿ ಮಾಡುವುದು ಹೇಗೆ?

ಪ್ರಶ್ನೆ: ಹೆವಿವೇಟ್ ಚಾಂಪಿಯನ್ ಯಾರನ್ನು ಬೇಕಾದರೂ ಮಲಗಿಸಬಲ್ಲ. ಹೀಗಿರುವಾಗ 55 ಕಿಲೋ ವಿಭಾಗದ ಜಪಾನಿನ ನವೊಯಾ ಇನೊಯೆ ಆ ಚಾಂಪಿಯನ್‌ಗಿಂತ ಮೇಲೆ ಬರುವುದು ಹೇಗೆ?

ಉತ್ತರ: ಎಲ್ಲ ತೂಕದ ಬಾಕ್ಸರ್‌ಗಳನ್ನೂ ಒಟ್ಟಿಗೆ ಅಳೆಯುವ ಈ ಪಟ್ಟಿಗೆ ಬೇಕಿರುವುದು ಯಾರು ಯಾರನ್ನು ಹೊಡೆದು ಬೀಳಿಸಬಲ್ಲರು ಎಂಬುದಲ್ಲ, ತಮ್ಮ ತೂಕದವರ ನಡುವೆ ಯಾರ ಮೇಲುಗೈ ಎಷ್ಟು ಎಂಬುದು. ಇಬ್ಬರನ್ನೂ ಒಂದೇ ಗಾತ್ರಕ್ಕೆ ತಂದು ಮನಸ್ಸಿನಲ್ಲೇ ಪಂದ್ಯ ಆಡಿಸುವವರಿದ್ದಾರೆ. ಅದು ಖಂಡಿತ ಬೇಡ. ದೊಡ್ಡವನನ್ನು ಕುಗ್ಗಿಸಿದರೆ ಹೊಡೆತದ ಭಾರ ಹೋಗುತ್ತದೆ, ಚಿಕ್ಕವನನ್ನು ಹಿಗ್ಗಿಸಿದರೆ ವೇಗ ಉಳಿಯುವುದಿಲ್ಲ. ಕೊನೆಗೆ ನಮಗೆ ಇಷ್ಟವಾದವನೇ ಗೆಲ್ಲುತ್ತಾನೆ. ಇನೊಯೆ 2022ರಲ್ಲಿ ಬ್ಯಾಂಟಮ್‌ವೇಟ್‌ನ ನಾಲ್ಕೂ ಪ್ರಮುಖ ಬೆಲ್ಟ್‌ಗಳನ್ನು, ಅಂದರೆ ಚಾಂಪಿಯನ್ ಪಟ್ಟಗಳನ್ನು, ಒಟ್ಟುಗೂಡಿಸಿದರು, ಮರುವರ್ಷವೇ ಸೂಪರ್ ಬ್ಯಾಂಟಮ್‌ವೇಟ್‌ನಲ್ಲೂ ಅದನ್ನೇ ಮಾಡಿದರು. ಇದು ರಿಂಗ್‌ನಲ್ಲಿ ನಡೆದದ್ದು, ತೂಗಿ ನೋಡಬಹುದಾದದ್ದು.

ಪ್ರಶ್ನೆ: ನಾನೇ ಹತ್ತು ಜನರ ಪಟ್ಟಿ ಮಾಡಲು ಕೂತರೆ ಮೊದಲು ಏನು ನೋಡಲಿ?

ಉತ್ತರ: ಎದುರಾಳಿಗಳನ್ನು. ಪ್ರತಿಯೊಬ್ಬರ ಕೊನೆಯ ಐದು ಪಂದ್ಯಗಳ ದಿನಾಂಕ, ತೂಕ, ಫಲಿತಾಂಶ ಬರೆದುಕೊಳ್ಳಿ. ಪಕ್ಕದಲ್ಲಿ ಎದುರಾಳಿ ಅಂದು ತನ್ನ ವಿಭಾಗದಲ್ಲಿ ಎಷ್ಟನೆಯವನಾಗಿದ್ದ ಎಂದು ಬರೆಯಿರಿ. ಹಳೆಯ ಹೆಸರು ಇಂದಿಗೂ ದೊಡ್ಡದಾಗಿ ಕೇಳಿಸಬಹುದು, ಪಂದ್ಯದ ದಿನ ಆತ ಸೋತು ಸುಣ್ಣವಾಗಿದ್ದರೆ ಆ ಗೆಲುವಿಗೆ ಬೆಲೆ ಕಡಿಮೆ. ಬೆಲ್ಟ್ ಎಣಿಸುತ್ತಾ ಕೂರಬೇಡಿ. ಪುರುಷರಲ್ಲಿ ಸಾಮಾನ್ಯವಾಗಿ 17 ವಿಭಾಗಗಳು, ಒಂದೊಂದಕ್ಕೂ ತಮ್ಮದೇ ಬೆಲ್ಟ್ ಕೊಡುವ ನಾಲ್ಕು ಪ್ರಮುಖ ಸಂಸ್ಥೆಗಳು. ಅಲ್ಲಿಗೇ 68 ಬೆಲ್ಟ್‌ಗಳಾದವು. ಯಾರ ಬಳಿಯೂ ಇಲ್ಲದ ಖಾಲಿ ಬೆಲ್ಟ್‌ಗಾಗಿ ಹನ್ನೆರಡನೆಯವನನ್ನು ಸೋಲಿಸಿದ ಎರಡು ಗೆಲುವಿಗಿಂತ, ಅಗ್ರ ಐವರಲ್ಲೊಬ್ಬನನ್ನು ಸೋಲಿಸಿದ ಒಂದು ಗೆಲುವು ದೊಡ್ಡದು. ಗೆದ್ದ ರೀತಿ ಆಮೇಲಿನ ಮಾತು.

ಪ್ರಶ್ನೆ: ವಿಭಾಗ ಏರಿದವರಿಗೆ ಎಷ್ಟು ಮನ್ನಣೆ ಕೊಡಬೇಕು?

ಉತ್ತರ: ಅತಿ ಹೆಚ್ಚು ಎಡವುವುದು ಇಲ್ಲೇ. ಮೆಟ್ಟಿಲುಗಳು ಒಂದೇ ಎತ್ತರದವಲ್ಲ. 105 ಪೌಂಡ್ ಮಿತಿಯ ವಿಭಾಗದಿಂದ 108ಕ್ಕೆ ಏರಿದರೆ ಹೆಚ್ಚುವುದು ಶೇ 3ಕ್ಕಿಂತ ಕಡಿಮೆ, 175ರಿಂದ 200ಕ್ಕೆ ಏರಿದರೆ ಶೇ 14. ಹೆವಿವೇಟ್‌ಗೆ ಮೇಲ್ಮಿತಿಯೇ ಇಲ್ಲ. 200 ಪೌಂಡ್ ಮಿತಿಯ ಕ್ರೂಸರ್‌ವೇಟ್‌ನಿಂದ ಬಂದ ಒಲೆಕ್ಸಾಂಡರ್ ಉಸಿಕ್ 2024ರ ಮೇ ತಿಂಗಳಲ್ಲಿ ಟೈಸನ್ ಫ್ಯೂರಿಯನ್ನು ಸೋಲಿಸಿದರು. ಫ್ಯೂರಿ ಉಸಿಕ್‌ಗಿಂತ ಸುಮಾರು 17 ಕಿಲೋ ಭಾರವಿದ್ದರು.

ಒಪ್ಪಂದದ ತೂಕವನ್ನೂ, ಅಂದರೆ ಆ ಪಂದ್ಯಕ್ಕಷ್ಟೇ ಇಬ್ಬರೂ ಒಪ್ಪಿದ ಮಿತಿಯನ್ನೂ, ಗಮನಿಸಿ. 2010ರಲ್ಲಿ ಮ್ಯಾನಿ ಪಕಿಯಾವೊ ಎಂಟನೇ ವಿಭಾಗದ ಪಟ್ಟ ಗೆದ್ದಾಗ ವಿಭಾಗದ ಮಿತಿ 154 ಪೌಂಡ್, ಪಂದ್ಯಕ್ಕೆ ಒಪ್ಪಿದ್ದು 150. ಇಷ್ಟನ್ನೇ ಹಿಡಿದುಕೊಂಡು ಆ ಗೆಲುವನ್ನು ಕಡೆಗಣಿಸುವವರಿದ್ದಾರೆ. ಆದರೆ ತೂಕ ಪರೀಕ್ಷೆ ಹಿಂದಿನ ದಿನವೇ ಮುಗಿದಿರುತ್ತದೆ. ಆಮೇಲೆ ನೀರು, ಆಹಾರ ಸೇರಿ ಮೈತೂಕ ಮತ್ತೆ ಏರುತ್ತದೆ. ಆ ರಾತ್ರಿ ಎದುರಾಳಿ ಆಂಟೋನಿಯೊ ಮಾರ್ಗರಿಟೊ 165 ಪೌಂಡ್, ಪಕಿಯಾವೊ 148. ಹದಿನೇಳು ಪೌಂಡ್ ಬಿಟ್ಟುಕೊಟ್ಟು 12 ಸುತ್ತೂ ಆಡಿ ಗೆದ್ದವರಿಗೆ ಪೂರ್ತಿ ಮನ್ನಣೆ ಸಲ್ಲಲೇಬೇಕು.

ಪ್ರಶ್ನೆ: ಒಮ್ಮೆಯೂ ಸೋಲದವನೇ ಮೇಲಲ್ಲವೇ?

ಉತ್ತರ: ಅಲ್ಲ. ‘ಪೌಂಡ್ ಫಾರ್ ಪೌಂಡ್’ ಎಂಬ ಮಾತು ಮನೆಮಾತಾದದ್ದೇ ಹೆಚ್ಚಾಗಿ ಶುಗರ್ ರೇ ರಾಬಿನ್ಸನ್ ಅವರಿಂದ. ಅವರ ಖಾತೆಯಲ್ಲಿ 19 ಸೋಲುಗಳಿವೆ, ಹೆಚ್ಚಿನವು 35 ವರ್ಷ ದಾಟಿದ ಮೇಲಿನವು. 1943ರ ಮೊದಲ ಸೋಲು ಬಂದದ್ದು ತಮಗಿಂತ ಭಾರವಾದ ಜೇಕ್ ಲಮೊಟ್ಟಾ ಎದುರು, ಅವರನ್ನೇ ಉಳಿದ ಐದು ಪಂದ್ಯಗಳಲ್ಲಿ ಸೋಲಿಸಿದರು. ಮೇಲಿನ ವಿಭಾಗಕ್ಕೆ ಹೋಗಿ ಅಲ್ಲಿನ ಚಾಂಪಿಯನ್‌ಗೆ ಸೋತವರನ್ನು ಒಂದೆರಡು ಸ್ಥಾನ ಇಳಿಸಿದರೆ ಸಾಕು. 2022ರಲ್ಲಿ 175 ಪೌಂಡ್‌ಗೆ ಏರಿ ಡಿಮಿಟ್ರಿ ಬಿವೋಲ್‌ಗೆ ಸೋತ ಕನೆಲೊ ಅಲ್ವಾರೆಜ್ ಅಂಥವರು. ಸ್ವಂತ ತೂಕದಲ್ಲೇ ಸ್ಪಷ್ಟವಾಗಿ ಸೋತವರನ್ನು ಮಾತ್ರ, ಅವರನ್ನು ಸೋಲಿಸಿದವರಿಗಿಂತ ಕೆಳಗೇ ಇಡಿ.