ಓದುಗರ ಪ್ರಶ್ನೆ: ಹೊಳೆಯ ಗಾಜು, ಸಮುದ್ರದ ಗಾಜು

ಪ್ರಶ್ನೆ: ಆನೆಗುಂದಿ ಹತ್ತಿರ ತುಂಗಭದ್ರೆಯ ದಂಡೆಯಲ್ಲಿ ಅಂಚು ಸವೆದ ಹಸಿರು, ಕಂದು ಗಾಜಿನ ಚೂರು ಸಿಗುತ್ತವೆ. ಕಾರವಾರದಿಂದ ತಂದವು ಮಂಜು ಕವಿದಂತೆ ಮಂಕಾಗಿವೆ, ಇವು ಇನ್ನೂ ಹೊಳೆಯುತ್ತವೆ. ಯಾಕೆ?
– ಓದುಗರು, ಗಂಗಾವತಿ

ಉತ್ತರ: ಅಂಚು ಸವೆಯಲು ಉಸುಕು, ಕಲ್ಲು ಸಾಕು, ಆ ಕೆಲಸ ಹೊಳೆಯೂ ಮಾಡುತ್ತದೆ. ಮೈ ಅಷ್ಟು ಮಂಕಾಗಲು ಉಪ್ಪುನೀರೇ ಬೇಕು. ಬಾಟಲಿ ಗಾಜನ್ನು ಉಸುಕಿಗೆ ಸೋಡಾ, ಸುಣ್ಣ ಸೇರಿಸಿ ಕರಗಿಸಿ ಮಾಡಿರುತ್ತಾರೆ. ಸಮುದ್ರದ ನೀರು ತುಸು ಕ್ಷಾರ. ಅದರಲ್ಲಿ ವರ್ಷಗಟ್ಟಲೆ ನೆನೆದರೆ ಗಾಜಿನ ಮೇಲ್ಪದರದ ಸೋಡಾ, ಸುಣ್ಣ ಬಿಟ್ಟುಹೋಗಿ ಸಣ್ಣ ಕುಳಿ ಬೀಳುತ್ತವೆ. ಜೊತೆಗೆ ಅಲೆ ಹಗಲು ರಾತ್ರಿ ಹೊರಳಿಸುತ್ತಲೇ ಇರುತ್ತದೆ. ನಮ್ಮ ಹೊಳೆ ಹಾಗೆ ಹೊರಳಿಸುವುದು ಡ್ಯಾಮಿನ ಗೇಟು ತೆರೆದು ನೀರು ಬಿಟ್ಟಾಗ ಮಾತ್ರ. ಒಳ್ಳೆಯ ಚೂರಾಗಲು ಸಾಮಾನ್ಯವಾಗಿ 20ರಿಂದ 40 ವರ್ಷ ಹಿಡಿಯುತ್ತದೆ.

10 ಪಟ್ಟಿನ ಭೂತಗನ್ನಡಿ ಹಿಡಿದು ನೋಡಿ. ಸಮುದ್ರದ ಚೂರಿನ ಮೈಮೇಲೆ ಅರ್ಧಚಂದ್ರದಂಥ ಪುಟ್ಟ ಗುರುತುಗಳು, ಒಂದು ಆಳ, ಒಂದು ತೇಲ. ಸರಕ್ಕೆ ಪೋಣಿಸಿ ಮಾರುವ ಎಷ್ಟೋ ಚೂರುಗಳು ಆಸಿಡ್‌ನಲ್ಲಿ ಅದ್ದಿ ತೆಗೆದಂಥವು; ಅವುಗಳಲ್ಲಿ ಈ ಗುರುತಿಲ್ಲ, ಮೈಯೆಲ್ಲ ಒಂದೇ ಸಮ ಮಂಕು.

ಆನೆಗುಂದಿಯಲ್ಲಿ ಒಂದು ಎಚ್ಚರ ಬೇಕು. ಬಿಳಿ ಮೇಲೆ ನೀಲಿ ಚಿತ್ತಾರದ ಪಿಂಗಾಣಿ ಚೂರೋ ಗಾಜಿನ ಮಣಿಯೋ ಕಂಡರೆ ಮುಟ್ಟದೆ ಅಲ್ಲೇ ಬಿಡಿ, ವಿಜಯನಗರದ ಕಾಲದ್ದಿರಬಹುದು. ವಿಜಯನಗರಕ್ಕೆ ಭಟ್ಕಳ, ಹೊನ್ನಾವರದ ಬಂದರುಗಳಿಂದ ಕುದುರೆ ಬರುತ್ತಿದ್ದವು. ಹಂಪಿಯಲ್ಲಿ ಚೀನಾದ ಪಿಂಗಾಣಿ ಚೂರುಗಳೂ ಸಿಕ್ಕಿವೆ. ಅಂಥ ಚೂರನ್ನು ಬಿದ್ದ ಜಾಗದಿಂದ ಎತ್ತಿದರೆ ಅದು ಹೇಳಬಹುದಾದ ಸಂಗತಿ ಅರ್ಧ ಹೋದಂತೆ.

ಪ್ರಶ್ನೆ: ಅಂಕೋಲಾದಲ್ಲಿ ತಿಳಿ ಹಸಿರು-ನೀಲಿಯ ಗಾಜಿನ ಗೋಲಿ ಸಿಕ್ಕಿತು. ಆಡುವ ಗೋಲಿಯೇ?
– ಓದುಗರು, ಬಳ್ಳಾರಿ

ಉತ್ತರ: ಒಳಗೆ ಬಣ್ಣದ ಎಳೆ ಇದ್ದರೆ ಆಡುವ ಗೋಲಿ. ಇಲ್ಲದಿದ್ದರೆ ಗೋಲಿಸೋಡಾದ್ದಿರುವ ಸಾಧ್ಯತೆ ಹೆಚ್ಚು. ಈ ಬಾಟಲಿಗೆ ಇಂಗ್ಲೆಂಡಿನ ಹೈರಮ್ ಕಾಡ್ 1872ರಲ್ಲಿ ಪೇಟೆಂಟ್ ಪಡೆದ. ಒಳಗಿನ ಗ್ಯಾಸು ಗೋಲಿಯನ್ನು ಬಾಯಿಯ ರಬ್ಬರ್ ಉಂಗುರಕ್ಕೆ ಒತ್ತಿ ಹಿಡಿಯುತ್ತದೆ. ಕುಡಿಯಲು ಬಗ್ಗಿಸಿದಾಗ ಗೋಲಿ ಮತ್ತೆ ಬಾಯಿಗೆ ಉರುಳದಂತೆ ಕತ್ತಿನಲ್ಲಿ ಎರಡು ಚಿವುಟು. ಆ ಚಿವುಟಿರುವ ದಪ್ಪ ಚೂರು ಸಿಕ್ಕರೆ ಅನುಮಾನವೇ ಬೇಡ. ಗೋಲಿಗಿಂತ ಅಂಥ ಚೂರೇ ಸಂಗ್ರಹಕ್ಕೆ ಮೇಲು. ಹಸಿರು-ನೀಲಿ ಬಣ್ಣ ಉಸುಕಿನಲ್ಲಿದ್ದ ಕಬ್ಬಿಣದ್ದು. ತಿಳಿ ನೇರಳೆ ಚೂರು ಕಂಡರೆ ಅದು ಮೊದಲು ಬಿಳಿ ಗಾಜೇ. ಬಣ್ಣ ತೆಗೆಯಲೆಂದು ಹಾಕಿದ ಮ್ಯಾಂಗನೀಸ್ ಬಿಸಿಲಿಗೆ ನೇರಳೆಯಾಗುತ್ತದೆ.

ಪ್ರಶ್ನೆ: ಹುಡುಕಲು ಯಾವಾಗ ಹೋಗಬೇಕು? ತೊಳೆಯುವುದು ಹೇಗೆ?
– ಓದುಗರು, ರಾಯಚೂರು

ಉತ್ತರ: ಮುಂಗಾರಿನ ಅಲೆ ದಡದ ಉಸುಕನ್ನು ಎಳೆದೊಯ್ಯುತ್ತದೆ, ಮಳೆ ನಿಂತ ಮೇಲೆ ನಿಧಾನಕ್ಕೆ ಮರಳಿ ತರುತ್ತದೆ. ಉಸುಕು ಮುಚ್ಚುವ ಮೊದಲು, ಸೆಪ್ಟೆಂಬರ್ ಕೊನೆಯ ಸುಮಾರಿಗೆ, ಅಮಾವಾಸ್ಯೆ ಅಥವಾ ಹುಣ್ಣಿಮೆಯ ಮರುದಿನ ಇಳಿತಕ್ಕೆ ಒಂದು ತಾಸು ಮುಂಚೆ ಇಳಿಯಿರಿ. ಬರೀ ಉಸುಕಿನಲ್ಲಿ ಹುಡುಕಿ ಫಲವಿಲ್ಲ, ಸಣ್ಣ ಕಲ್ಲು ಸಾಲುಗಟ್ಟಿದಲ್ಲಿ ನೋಡಿ. ಅಲೆಗೆ ಬೆನ್ನು ತೋರಿಸಬೇಡಿ. ಅಂಚು ಇನ್ನೂ ಚೂಪಿದ್ದರೆ ವಾಪಸ್ ಎಸೆಯಬೇಡಿ, ಬರಿಗಾಲಿನ ಮಕ್ಕಳು ಓಡಾಡುವ ಜಾಗ. ಕಸದ ಡಬ್ಬಿಗೆ ಹಾಕಿ.

ಮನೆಗೆ ತಂದು ಸಿಹಿನೀರಿನಲ್ಲಿ ಒಂದು ದಿನ ನೆನೆಸಿ, ನಡುವೆ ಎರಡು ಸಲ ನೀರು ಬದಲಿಸಿ. ಉಪ್ಪು ಉಳಿದರೆ ಒಣಗಿದ ಮೇಲೆ ಬಿಳಿ ಪುಡಿ ಏಳುತ್ತದೆ. ಸುಣ್ಣ ಗಟ್ಟಿಯಾಗಿ ಹಿಡಿದಿದ್ದರೆ ಬಿಳಿ ವಿನೆಗರ್, ನೀರು ಸಮಸಮ ಬೆರೆಸಿ 2–3 ತಾಸು ಇಟ್ಟು, ಹಲ್ಲುಜ್ಜುವ ಹಳೇ ಬ್ರಷ್‌ನಿಂದ ಉಜ್ಜಿ. ಸ್ಟೀಲ್ ಉಜ್ಜುಗ ಬೇಡ, ಹೊಸ ಗೀರು ಬೀಳುತ್ತದೆ. ಎಣ್ಣೆ ಸವರಿದರೆ ಬಣ್ಣ ಎದ್ದು ಕಾಣುತ್ತದೆ ನಿಜ, ಆದರೆ ಕುಳಿಗಳು ತುಂಬಿ ಮಂಕೆಲ್ಲ ಮಾಯವಾಗುತ್ತದೆ, ಧೂಳೂ ಹಿಡಿಯುತ್ತದೆ.