ಪುಣೆ: ಮನೋರೋಗ ವಾರ್ಡಿನಿಂದ ಬಂದ ಮಾಜಿ ಸೈನಿಕ ಅಣ್ಣ ಮತ್ತೆ ಡಾಕ್ಟರ್ ಹತ್ತಿರ ಬರೋಲ್ಲ ಅಂತಾನೆ, ಏನು ಮಾಡಲಿ?

ಡಿಸ್ಚಾರ್ಜ್ ಆಗಿ ಹತ್ತು ದಿನ, ಮೊದಲ ತಪಾಸಣೆ ತಪ್ಪಿದೆ, 'ಈಗ ಆರಾಮ ಇದ್ದೀನಿ' ಅಂತಾರೆ ಎಂದು ಬರೆದಿದ್ದೀರಿ. ಇದನ್ನು ಮುಂದಿನ ತಿಂಗಳಿಗೆ ತಳ್ಳಬೇಡಿ. ವಾರ್ಡಿನಿಂದ ಹೊರಬಂದ ಮೊದಲ ವಾರ ಮತ್ತು ಆಮೇಲಿನ ಮೂರು ತಿಂಗಳು ಆತ್ಮಹತ್ಯೆಯ ಅಪಾಯ ತೀರಾ ಹೆಚ್ಚು.

ಅಣ್ಣ ಬರೋಲ್ಲ ಅನ್ನುವುದು ಬರೀ ಹಟವಲ್ಲ. ಖಿನ್ನತೆಯ ಗುಳಿಗೆ ಚೆನ್ನಾಗಿ ಹಿಡಿಯಲು 4ರಿಂದ 6 ವಾರ ಬೇಕು, ಹೊಟ್ಟೆ ತೊಳಸುವುದು ಮಾತ್ರ ಮೊದಲ ವಾರವೇ ಶುರು. ಲೈಂಗಿಕ ತೊಂದರೆಯೂ ಆಗಬಹುದು, ಗಂಡಸರು ಅದನ್ನು ಬಾಯಿಬಿಟ್ಟು ಹೇಳದೆ ಗುಳಿಗೆಯನ್ನೇ ಬಿಡುತ್ತಾರೆ. ನೀವೇ ಡಾಕ್ಟರಿಗೆ ಹೇಳಿ, ಔಷಧಿ ಬದಲಿಸಲು ಬರುತ್ತದೆ. ಪಿಂಚಣಿಗೆ ಕುತ್ತು ಬರುತ್ತದೆ ಎಂಬ ಭಯವಿದ್ದರೆ ಬಿಡಿಸಿ: ನಿವೃತ್ತಿಯ ನಂತರ ಚಿಕಿತ್ಸೆ ಪಡೆದರೆ ಸೇವಾ ಪಿಂಚಣಿ ಕಡಿಮೆಯಾಗುವುದಿಲ್ಲ.

'ನಿನಗೆ ಕಾಯಿಲೆ ಇದೆ' ಎಂದು ವಾದಕ್ಕಿಳಿಯಬೇಡಿ. 'ನಿದ್ದೆ ಸರಿಯಾಗಲಿ, ಹೋಗಿ ಬರೋಣ' ಅನ್ನಿ, ಜೊತೆಗೆ ನೀವೇ ಹೋಗಿ. ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಕಾರ್ಡ್, ಡಿಸ್ಚಾರ್ಜ್ ಸಮ್ಮರಿಯ ಎರಡು ಜೆರಾಕ್ಸ್, ಉಳಿದ ಗುಳಿಗೆಗಳ ಪಟ್ಟಿ ಕೈಯಲ್ಲಿರಲಿ. ಆ ಯೋಜನೆಯ ಪಾಲಿಕ್ಲಿನಿಕ್‌ನಲ್ಲಿ ಮೊದಲು ಮನೋವೈದ್ಯರಿಗೆ ರೆಫರಲ್ ಚೀಟಿ ಬರೆಸಿಕೊಳ್ಳಿ. ಅದಿಲ್ಲದೆ ಎಂಪ್ಯಾನೆಲ್ (ಯೋಜನೆಯ ಪಟ್ಟಿಯಲ್ಲಿರುವ) ಆಸ್ಪತ್ರೆಗೆ ಹೋಗಿ ವಾಪಸ್ ಬಂದವರು ಎರಡನೇ ಸಲ ಮನೆಯಿಂದ ಹೊರಡುವುದು ಕಷ್ಟ. ಗುಳಿಗೆಗಳಲ್ಲಿ ಲಿಥಿಯಂ ಇದ್ದರೆ ರಕ್ತದಲ್ಲಿ ಅದರ ಪ್ರಮಾಣದ ಪರೀಕ್ಷೆ ಕೊನೆಯ ಗುಳಿಗೆ ನುಂಗಿ 12 ತಾಸು ಕಳೆದ ಮೇಲೆ, ಅಂದರೆ ಬೆಳಗಿನ ಡೋಸ್‌ಗೆ ಮೊದಲೇ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 14ನೇ ಕಲಂ ಪ್ರಕಾರ ಅಣ್ಣ ಬಿಳಿ ಹಾಳೆಯ ಮೇಲೆ ಬರೆದು ಸಹಿ ಹಾಕಿ ನಿಮ್ಮನ್ನು ನಾಮನಿರ್ದೇಶಿತ ಪ್ರತಿನಿಧಿ, ಅಂದರೆ ಚಿಕಿತ್ಸೆಯ ವಿಷಯದಲ್ಲಿ ತಮ್ಮ ಪರ ನಿಲ್ಲುವವರು, ಮಾಡಬಹುದು. 98ನೇ ಕಲಂ ಡಿಸ್ಚಾರ್ಜ್ ಹೊತ್ತಿಗೆ ಮುಂದಿನ ಚಿಕಿತ್ಸೆ ಯೋಜಿಸಬೇಕು ಎನ್ನುತ್ತದೆ. ಆ ವಾರ್ಡಿಗೇ ಹೋಗಿ ಅದೇನೆಂದು ಕೇಳಿ. ಬೆಳಗಾವಿ ಕಡೆ ಊರಿಗೆ ಕಳಿಸುವ ಯೋಚನೆಯಿದ್ದರೆ, ಅಲ್ಲಿನ ಪಾಲಿಕ್ಲಿನಿಕ್‌ನಲ್ಲಿ ತಾರೀಖು ಗೊತ್ತಾದ ಮೇಲೇ ಕಳಿಸಿ. ಎಷ್ಟೋ ಮಂದಿಯ ಚಿಕಿತ್ಸೆ ನಿಲ್ಲುವುದು ಈ ಊರು ಬದಲಾವಣೆಯಲ್ಲೇ.

ಕ್ಯಾಂಟೀನಿನ ಮದ್ಯ, ಹೊಲಕ್ಕೆ ತಂದ ಕೀಟನಾಶಕ ಇವತ್ತೇ ಬೇರೆಯವರ ಮನೆಗೆ ಸಾಗಿಸಿ, ಲೈಸೆನ್ಸ್ ಬಂದೂಕಿದ್ದರೆ ಪೊಲೀಸ್ ಠಾಣೆಯಲ್ಲಿ ಜಮಾ ಮಾಡಿಸಿ. ಗುಳಿಗೆ ವಾರದಷ್ಟೇ ಹೊರಗಿರಲಿ, ಉಳಿದದ್ದು ನಿಮ್ಮ ಬೀಗದಲ್ಲಿ. ರಾತ್ರಿ ಮಾತಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416, ಕನ್ನಡದಲ್ಲೂ ಸಿಗುತ್ತದೆ.

ಸಾಯುವ ಮಾತೆತ್ತಿದರೆ ಒಂಟಿಯಾಗಿ ಬಿಡದೆ ನೇರ ಕ್ಯಾಶುವಲ್ಟಿಗೆ ಕರೆದೊಯ್ಯಿರಿ. ತುರ್ತಿಗೆ ರೆಫರಲ್ ಬೇಡ. ಎಂಪ್ಯಾನೆಲ್ ಆಗದ ಆಸ್ಪತ್ರೆಯಾದರೆ 48 ಗಂಟೆಯೊಳಗೆ ಪಾಲಿಕ್ಲಿನಿಕ್‌ಗೆ ತಿಳಿಸಿ.