ಮಗು ದೂರದ ಊರಲ್ಲಿದ್ದರೆ ಭೇಟಿಯ ಮಾತುಕತೆ ಹೇಗೆ?

6 ವರ್ಷದ ಮಗಳು ತಾಯಿಯ ಜೊತೆ ಬೇರೆ ಊರಲ್ಲಿದ್ದಾಳೆ, ವಿಮಾನದಲ್ಲೇ ಹೋಗಬೇಕಾದಷ್ಟು ದೂರ, ತಿಂಗಳಿಗೆ ಎರಡು ವಾರಾಂತ್ಯ ಬೇಕೇ ಬೇಕು ಅಂತ ಪಟ್ಟು ಹಿಡಿಯಲಾ ಎಂದು ಕೇಳಿದ್ದೀರಿ. ಹಿಡಿಯಬೇಡಿ. ನನ್ನನ್ನು ಎದುರು ಪಕ್ಷದವಳು ಅಂದ್ಕೊಳ್ಳಿ. ನಮ್ಮ ಮಗಳು ನನ್ನ ಜೊತೆ ಇರುತ್ತಾಳೆ, ಅವಳ ಅಪ್ಪ ಇರೋದು ದೂರದಲ್ಲಿ. ಹಾಗಾಗಿ ನನ್ನಂಥವರು ಯಾವ ಮಾತಿಗೆ ಒಪ್ಪುತ್ತಾರೆ, ಯಾವುದಕ್ಕೆ ಬೆನ್ನು ತಿರುಗಿಸುತ್ತಾರೆ ಅಂತ ಹೇಳಬಲ್ಲೆ.

ವಾರಾಂತ್ಯದ ಲೆಕ್ಕ ಒಂದೇ ಊರಲ್ಲಿ ಇರುವವರಿಗೆ ಸರಿ. ದೂರ ಇದ್ದಾಗ ಮಗುವಿನ ಅರ್ಧ ವಾರಾಂತ್ಯ ಏರ್‌ಪೋರ್ಟಲ್ಲೇ ಕಳೆಯುತ್ತದೆ. ಸೋಮವಾರ ಕ್ಲಾಸಲ್ಲಿ ತೂಕಡಿಕೆ, ಹೋಮ್‌ವರ್ಕ್ ಬಾಕಿ, ಗೆಳತಿಯ ಹುಟ್ಟುಹಬ್ಬ ತಪ್ಪಿತು ಅಂತ ಮುನಿಸು. ಇದನ್ನೆಲ್ಲ ಸುಧಾರಿಸುವವರು ನಾವು. ಮುಂದಿನ ಭೇಟಿ ತಪ್ಪಿಸೋಕೆ ನೆಪ ಹುಡುಕುವವರೂ ನಾವೇ ಆಗ್ತೀವಿ, ನಿಜ ಹೇಳಬೇಕಲ್ವಾ.

ಅದರ ಬದಲು ಶಾಲೆಯ ಕ್ಯಾಲೆಂಡರ್ ಮುಂದಿಟ್ಟುಕೊಂಡು ಕೂತ್ಕೊಳ್ಳಿ. ದೊಡ್ಡ ರಜೆಯಲ್ಲಿ ದೊಡ್ಡ ಪಾಲು ಕೇಳಿ. ಸಣ್ಣ ರಜೆಗಳು ಒಂದು ವರ್ಷ ನಿಮಗೆ, ಒಂದು ವರ್ಷ ಅವರಿಗೆ. ಉಳಿದ ತಿಂಗಳುಗಳಲ್ಲಿ ನೀವೇ ಮಗಳಿರುವ ಊರಿಗೆ ಹೋಗಿ, ಅವಳನ್ನು ಶಾಲೆಗೆ ಬಿಡಿ, ಅವಳ ಟೀಚರ್ ಜೊತೆ ಮಾತಾಡಿ. 6 ವರ್ಷದ ಮಗುವನ್ನು ಒಮ್ಮೆಲೇ ತಿಂಗಳುಗಟ್ಟಲೆ ತಾಯಿಯಿಂದ ದೂರ ಇಡೋದು ಬೇಡ. ಮೊದಲು ಒಂದು ವಾರ, ಅದು ಚೆನ್ನಾಗಿ ಹೋದರೆ ಎರಡು, ಹೀಗೆ ವಯಸ್ಸಿನ ಜೊತೆ ಹೆಚ್ಚುವಂತೆ ಈಗಲೇ ಬರೆಸಿಡಿ. ಇಲ್ಲದಿದ್ದರೆ ಪ್ರತಿ ವರ್ಷ ಮತ್ತೆ ಮೊದಲಿಂದ ಚೌಕಾಸಿ.

ನನ್ನ ದೊಡ್ಡ ಹೆದರಿಕೆ ದಿನಗಳ ಎಣಿಕೆ ಆಗಿರಲಿಲ್ಲ. ಮಗು ಹೇಳಿದ ದಿನಕ್ಕೆ ವಾಪಸ್ ಬರುತ್ತಾ ಇಲ್ವಾ ಅನ್ನೋದು. ಆ ಭರವಸೆ ಕೊಟ್ಟ ಮೇಲೆ ದಿನ ಕೇಳೋದು ಸುಲಭ. ಹೋಗೋ ಟಿಕೆಟ್ ಯಾರದು, ಬರೋದು ಯಾರದು, ಎಷ್ಟು ದಿನ ಮೊದಲೇ ಬುಕ್ ಮಾಡಬೇಕು, ವಿಮಾನ ರದ್ದಾದರೆ ಏನು, ಮಗುವಿಗೆ ಜ್ವರ ಬಂದು ಭೇಟಿ ತಪ್ಪಿದರೆ ಆ ದಿನಗಳು ಯಾವಾಗ ಸಿಗುತ್ತವೆ, ಎಲ್ಲ ಬರೆಯಿರಿ. ಸುಮ್ನೆ 'ಖರ್ಚು ಹಂಚಿಕೊಳ್ಳೋಣ' ಅಂತ ಬರೆದರೆ ಜಗಳಕ್ಕೆ ಜಾಗ ಇಟ್ಟ ಹಾಗೆ. ಅನೇಕ ವಿಮಾನ ಸಂಸ್ಥೆಗಳು 5 ವರ್ಷ ತುಂಬಿದ ಮಕ್ಕಳನ್ನು ಶುಲ್ಕ ತಗೊಂಡು ಸಿಬ್ಬಂದಿಯ ಜೊತೆ ಕಳಿಸುತ್ತವೆ. ಆದರೂ ನಾನಾಗಿದ್ದರೆ ಈ ವಯಸ್ಸಿಗೆ ಒಂಟಿಯಾಗಿ ಕಳಿಸಲ್ಲ. ನೀವೇ ಬಂದು ಕರ್ಕೊಂಡು ಹೋಗಿ.

ಇನ್ನು ವೀಡಿಯೊ ಕಾಲ್. 'ಊಟ ಆಯ್ತಾ?' 'ಹೂಂ.' 'ಶಾಲೆ ಹೇಗಿತ್ತು?' 'ಚೆನ್ನಾಗಿತ್ತು.' ಅಷ್ಟೊತ್ತಿಗೆ ಫೋನ್ ನನ್ನ ಕೈಲಿ. ಕೊನೆಗೆ ಅವಳ ಅಪ್ಪ ಒಂದೇ ಕಥೆಪುಸ್ತಕದ ಎರಡು ಪ್ರತಿ ತಂದು, ಒಂದನ್ನು ಇಲ್ಲಿಗೆ ಕಳಿಸಿದರು. ಅವರು ಅಲ್ಲಿ ಓದ್ತಾರೆ, ಇವಳು ಇಲ್ಲಿ ಬೆರಳಿಟ್ಟು ಪುಟ ತಿರುವುತ್ತಾಳೆ. ಬೇಕಂತಲೇ ತಪ್ಪು ಓದಿದರೆ ಹಿಡಿದು ನಗ್ತಾಳೆ. ಈಗ ಕಾಲ್ ಮುಗಿಸಿ ಮಲಗಿಸೋದೇ ನನಗೆ ಕೆಲಸ. ಕಾಲ್ ಯಾವ ದಿನ, ಯಾವ ಹೊತ್ತಿಗೆ ಅಂತ ಒಪ್ಪಂದದಲ್ಲಿ ನಿಗದಿ ಮಾಡಿ. ನಾನು ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳಬಾರದು ಅಂತಲೂ ಅವರು ಬರೆಸಿದ್ದರು. ಆಗ ಕೋಪ ಬಂದಿತ್ತು, ಆದರೆ ನ್ಯಾಯವಾದ ಮಾತೇ.

ಬಾಯಿಮಾತಿನ ಒಪ್ಪಂದ ನಂಬಬೇಡಿ. ನೇರ ಮಾತು ಕಷ್ಟವಾದರೆ ಇಬ್ಬರ ನಡುವೆ ನಿಂತು ಮಾತಾಡಿಸುವ ಮೀಡಿಯೇಟರ್ ಹಿಡಿಯಿರಿ, ಒಪ್ಪಿದ್ದನ್ನು ವಕೀಲರ ಮೂಲಕ ಕೋರ್ಟ್ ಆದೇಶವಾಗಿ ಮಾಡಿಸಿ. ಜೀವನಾಂಶಕ್ಕೂ ಭೇಟಿಗೂ ಗಂಟು ಹಾಕಬೇಡಿ.

ಮುಂದೆ ಯಾರಾದರೂ ವಿದೇಶಕ್ಕೆ ಹೋಗುವ ಸಾಧ್ಯತೆ ಇದ್ದರೆ ಪಾಸ್‌ಪೋರ್ಟ್ ಯಾರ ಬಳಿ, ಪ್ರಯಾಣಕ್ಕೆ ಯಾರ ಲಿಖಿತ ಒಪ್ಪಿಗೆ ಬೇಕು ಅನ್ನೋದನ್ನೂ ಸೇರಿಸಿ. 16 ವರ್ಷದೊಳಗಿನ ಮಗುವನ್ನು ಒಪ್ಪಿಗೆ ಇಲ್ಲದೆ ಬೇರೆ ದೇಶದಲ್ಲಿ ಇಟ್ಟುಕೊಂಡರೆ ವಾಪಸ್ ಕರೆಸಲು 1980ರ ಹೇಗ್ ಒಪ್ಪಂದ ಅನ್ನೋ ಅಂತರರಾಷ್ಟ್ರೀಯ ಒಪ್ಪಂದವಿದೆ. ಆದರೆ ಆ ಎರಡು ದೇಶಗಳ ನಡುವೆ ಅದು ಜಾರಿಯಲ್ಲಿದ್ದರೆ ಮಾತ್ರ ಉಪಯೋಗ. ಅದನ್ನು ಮೊದಲೇ ವಕೀಲರನ್ನು ಕೇಳಿ ತಿಳ್ಕೊಳ್ಳಿ.